ಎಂಬತ್ತನಾಲ್ಕು

ಸೋಮವಾರದೊಳಗೆ ಅಂಕ ಕೊಡಬೇಕು. ಇವತ್ತು ಶನಿವಾರ ರಾತ್ರಿ.
ಎಂಬರಾರದ ಈ ಕ್ವಾರ್ಟರ್ಸಿನಲ್ಲಿ ಕರೆಂಟು ಹೋಗಿ
ಸೋಲಾರ್ ದೀಪದ ಮಂಕು ಬೆಳಕಿಗೆ
ಮೂವತ್ತೆರಡು ನೀಲಿ ಫೈಲು.
ಮೂರನೇ ವರ್ಷದ ಮಕ್ಕಳು ಕಲಿತದ್ದೆಲ್ಲ
ತೂತು ಹೊಡೆದು, ದಾರ ಕಟ್ಟಿ, ನನ್ನ ಊಟದ ಮೇಜಿನ ಮೇಲೆ.

ಪ್ರತಿ ಹಾಳೆಗೂ ನಾಲ್ಕು ಪ್ರಶ್ನೆ:
ಏನಾಯಿತು? ಏನನ್ನಿಸಿತು? ಏನು ಕಲಿತೆ?
ಮುಂದಿನ ಸಲ ಬೇರೆ ಏನು ಮಾಡುತ್ತೀಯೆ?
ಮೊದಲ ಪುಟದಲ್ಲಿ ದಪ್ಪಕ್ಷರ:
ಕಂಡದ್ದನ್ನು ಕಂಡ ಹಾಗೆ ಬರೆಯಿರಿ.
ಅಚ್ಚು ಹಾಕಿಸಿದವಳು ನಾನೇ.

ಏಳು ಫೈಲಿನಲ್ಲಿ ಒಂದೇ ವಾಕ್ಯ,
'ಈ ಅನುಭವದಿಂದ ಸಹಾನುಭೂತಿಯ ಮಹತ್ವವನ್ನು ಅರಿತೆನು.'
ಏಳರಲ್ಲೂ ಸಹಾನುಭೂತಿಗೆ ಅದೇ ಅಕ್ಷರ ತಪ್ಪು.
ತುಮ್ವೆಬಾಜೆ ಹತ್ತು ಹೆರಿಗೆ ಮಾಡಿಸಿದ್ದಾನಂತೆ,
ಹತ್ತಕ್ಕೂ ನನ್ನ ಸಹಿ. ನಾನು ಹಾಕಿದ್ದು ಮೂರು.
ಉಳಿದ ಏಳು ಎಷ್ಟು ಚೆಂದ ಬಿದ್ದಿವೆಯೆಂದರೆ
ಬ್ಯಾಂಕಿನವರು ಅವನ್ನೇ ಒಪ್ಪಿಯಾರು.

ನಕ್ಕೆ. ಟೀ ಆರಿತ್ತು.

ಕೆಂಬಾಬಾಜಿಯ ಫೈಲು ತೆಳ್ಳಗೆ.
ಮಾತಾಡದ ಹುಡುಗಿ, ರೌಂಡ್ಸಿನಲ್ಲಿ ಯಾವಾಗಲೂ
ಯಾರದೋ ಬೆನ್ನ ಹಿಂದೆ.
ನಮೂದು ಹದಿನಾಲ್ಕು. ಹೆಂಗಸರ ವಾರ್ಡು, ಬೆಳಗಿನ ಜಾವ ಮೂರು.

'ಗಂಟೆಗೊಮ್ಮೆ ನಾಡಿ ನೋಡಿ ಬರೆಯಲು ಹೇಳಿದ್ದರು.
ಒಂಬತ್ತನೇ ಮಂಚ, ವೆನಾನ್ಸಿಯಾ, ಇಸಿಂಗಿರೊ ಕಡೆಯ ಅಜ್ಜಿ.
ಅವಳ ಮಗಳು ಮಂಚಕ್ಕೆ ಅಡ್ಡವಾಗಿ ಚಾಪೆಯಲ್ಲಿ ಮಲಗಿದ್ದಳು,
ತಲೆಯ ಬಳಿ ರಾಗಿ ಗಂಜಿಯ ಜೆರಿಕ್ಯಾನು.
ಅಜ್ಜಿಯ ಕೈ ಹಿಡಿಯಬೇಕಾದರೆ ಇವಳನ್ನು ದಾಟಬೇಕಿತ್ತು.
ದಾಟಲಿಲ್ಲ. ಹೊದಿಕೆ ಏರಿಳಿಯುವುದನ್ನು ದೂರದಿಂದಲೇ ನೋಡಿ
ಎಂಬತ್ತನಾಲ್ಕು ಎಂದು ಬರೆದೆ.
ಎಂಬತ್ತು ಅಂದಿದ್ದರೆ ಸುಳ್ಳಿನ ಹಾಗೆ ಕಾಣುತ್ತಿತ್ತು.

ಬೆಳಿಗ್ಗೆ ಅಜ್ಜಿ ಎದ್ದು ಕೂತು ಗಂಜಿ ಕುಡಿದಳು.
ರಾತ್ರಿಯೆಲ್ಲ ನನ್ನನ್ನು ಕಾದೆಯಲ್ಲ ಮಗಳೇ, ಅಂದಳು.
ಏನೂ ಆಗಲಿಲ್ಲ.
ಏನೂ ಆಗಲಿಲ್ಲ ಅನ್ನುವುದೇ ನನಗೆ ಹೆದರಿಕೆ.'

ಏನು ಕಲಿತೆ, ಎಂಬಲ್ಲಿ:
'ಬರೆಯುವುದು ಎಷ್ಟು ಸುಲಭ ಎಂದು.'
ನಾಲ್ಕನೆಯ ಪ್ರಶ್ನೆಗೆ ಖಾಲಿ. ರಬ್ಬರಿನಿಂದ ಉಜ್ಜಿ ಉಜ್ಜಿ
ಕಾಗದ ಜುಂಗೆದ್ದಿದೆ.

ನಿಯಮ ನನಗೆ ಬಾಯಿಪಾಠ.
ಸುಳ್ಳು ದಾಖಲೆ ಬರೆದವರ ಹೆಸರು ಸಮಿತಿಗೆ ಹೋಗಬೇಕು.
ಪ್ರಾಮಾಣಿಕ ಆತ್ಮಾವಲೋಕನಕ್ಕೆ ಪೂರ್ತಿ ಅಂಕ ಕೊಡಬೇಕು.
ಎರಡೂ ನಾನೇ ಬರೆದದ್ದು,
ಒಂದೇ ಮಧ್ಯಾಹ್ನ, ಒಂದೇ ಪೆನ್ನಿನಲ್ಲಿ.
ಕಂಡಂತೆ ಹೇಳಿದರೆ ಕೆಂಡದಂಥ ಕೋಪ ಬರುವುದು
ಬೇರೆಯವರಿಗೆ ಎಂದುಕೊಂಡಿದ್ದೆ.

ಹೊರಗೆ ಬಾಡಿಗೆ ಬೈಕೊಂದು ದಿಬ್ಬ ಹತ್ತಲಾರದೆ ಕೆಮ್ಮಿತು.

ನನ್ನ ಕಾಲಕ್ಕೆ ಫೈಲಿರಲಿಲ್ಲ.
ಉದ್ದನೆಯ ಒಂದು ರಿಜಿಸ್ಟರು. ಅದರಲ್ಲೊಂದು ಜ್ವರ:
ಮೂವತ್ತೇಳು ಪಾಯಿಂಟ್ ಎರಡು.
ಥರ್ಮಾಮೀಟರು ಒಡೆದು ಅಷ್ಟೊತ್ತಿಗೆ ವಾರವಾಗಿತ್ತು.
ಮಗುವಿನ ಮುಖ ನೆನಪಿಲ್ಲ. ಆ ಪಾಯಿಂಟ್ ಎರಡು ನೆನಪಿದೆ.
ಏನನ್ನಿಸಿತು ಎಂದು ಯಾರೂ ಕೇಳಲಿಲ್ಲ.
ಕೇಳಿದ್ದರೆ ನಾನೂ 'ಅರಿತೆನು' ಎಂದೇ ಬರೆಯುತ್ತಿದ್ದೆ,
ಅಕ್ಷರ ಮಾತ್ರ ತಪ್ಪದೆ.

ಸೋಮವಾರ ಅವಳು ಕುರ್ಚಿಯ ತುದಿಯಲ್ಲಿ ಕೂತಳು.
ಹದಿನಾಲ್ಕನೆಯ ಹಾಳೆ ತೆರೆದಿತ್ತು. ಇಬ್ಬರೂ ಅದನ್ನು ನೋಡಲಿಲ್ಲ.
ಗಡಿಯಾರ ಬಿಚ್ಚಿ ಅವಳ ಮುಂದಿಟ್ಟು
ಮೇಜಿನ ಮೇಲೆ ಕೈ ಚಾಚಿದೆ.
ಹಿಡಿ, ಅಂದೆ. ಹದಿನೈದು ಸೆಕೆಂಡು ಎಣಿಸಿ
ನಾಲ್ಕರಿಂದ ಗುಣಿಸುವುದು ಬೇಡ. ಪೂರಾ ಒಂದು ನಿಮಿಷ.

ತಣ್ಣನೆಯ ಮೂರು ಬೆರಳು.
ನಿಮಿಷ ಇಷ್ಟು ಉದ್ದವೆಂದು ಮರೆತೇ ಹೋಗಿತ್ತು.
ಕಾರಿಡಾರಿನಲ್ಲಿ ಟ್ರಾಲಿಯೊಂದು ಹೋಯಿತು, ವಾಪಸು ಬಂತು.
'ಎಪ್ಪತ್ತೊಂದು,' ಅಂದಳು. ತಡೆದು,
'ನಡುವೆ ಎರಡು ಸಲ ತಪ್ಪಿತು, ಡಾಕ್ಟರ್. ನಿಮಗೆ ಗೊತ್ತೇ?'

ಗೊತ್ತಿರಲಿಲ್ಲ.
ಪೆನ್ನನ್ನು ಅವಳ ಕಡೆ ತಳ್ಳಿ
ಬರೆ, ಅಂದೆ.

ಬಾಗಿಲಾಚೆ ತುಮ್ವೆಬಾಜೆ ಕಾಯುತ್ತಿದ್ದ,
ದಪ್ಪ ಫೈಲನ್ನು ಎದೆಗವಚಿಕೊಂಡು,
ಇಸ್ತ್ರಿ ಮಾಡಿದ ಶರಟಿನಲ್ಲಿ.